ಖಾಲಿತ್ಯವೂ ಸ್ಖಾಲಿತ್ಯವೂ

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಶ್ರೀಮಠದ ಪ್ರಾಂಗಣದಲ್ಲಿ ನೆರೆದಿದ್ದಾಗ, ಪ್ರಸಾದವಾದ ತರುವಾಯ, ನಾಲ್ವತ್ತರ ಪ್ರಾಯದ ಶಿಷ್ಯನೊಬ್ಬನು ನನ್ನ ಬಳಿಗೆ ಬಂದು ನಮಸ್ಕರಿಸಿದನು. ನಮಸ್ಕರಿಸಲು ಬಾಗಿದ ಆತನ ತಲೆಯೂ ಹರಸಲು ಬಾಗಿದ ನನ್ನ ತಲೆಯೂ ಒಂದೇ ಬಗೆಯಾಗಿ ಹೊಳೆಯುತ್ತಿದ್ದುದನ್ನು ಕಂಡು ಸುತ್ತಲಿದ್ದವರು ನಕ್ಕರು. ಆತನು ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವವನು. “ಗುರುಗಳೇ, ಇನ್ನು ಹತ್ತು ವರ್ಷ ತಡೆಯಿರಿ. ಜೀನ್ ಚಿಕಿತ್ಸೆ ಬರುತ್ತದೆ. ಒಂದು ಸೂಜಿ ಚುಚ್ಚಿಸಿಕೊಂಡರೆ ಆಯಿತು. ಬೋಳುತಲೆ ಎಂಬ ಶಬ್ದವನ್ನೇ ನೀವು ನಿಘಂಟಿನಿಂದ ತೆಗೆದುಹಾಕಬೇಕಾಗುತ್ತದೆ” ಎಂದನು.

ನಿಘಂಟಿನ ಮಾತನ್ನು ಎತ್ತಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ಶಬ್ದವೊಂದು ಸಾಯುವುದಾದರೆ ಅದರ ಕಾಯಿಲೆಯೇನೆಂಬುದನ್ನು ವಿಚಾರಿಸುವುದು ಪಂಡಿತನಾದವನ ಕರ್ತವ್ಯವಷ್ಟೆ. ವ್ಯಾಕರಣವನ್ನೂ ಅಲಂಕಾರವನ್ನೂ ಓದಿಕೊಂಡವನು ಜೀವವಿಜ್ಞಾನದ ಮಾತಾಡುವುದು ಬೋಳುತಲೆಗೂ ಮೊಳಕಾಲಿಗೂ ಗಂಟು ಹಾಕಿದಂತೆ ಎಂದು ನಮ್ಮ ಶಾಲೆಯ ವಿಜ್ಞಾನಾಧ್ಯಾಪಕರು ಹಾಸ್ಯ ಮಾಡಿದರೂ, ಕೇಳಿದುದನ್ನೆಲ್ಲ ತಾಳ್ಮೆಯಿಂದ ತಿಳಿಯಹೇಳಿದರು. ಅವರಿಂದ ಕೇಳಿದುದನ್ನೂ, ಸಂಶೋಧನೆಯಲ್ಲಿ ತೊಡಗಿರುವ ಹಳೆಯ ಶಿಷ್ಯರು ಕಳುಹಿಸಿದ ಬರಹಗಳಿಂದ ಗ್ರಹಿಸಿದುದನ್ನೂ ಒಂದುಗೂಡಿಸಿ, ನನಗೆ ಯುಕ್ತವೆಂದು ತೋರಿದ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಕ್ಷುದ್ರರೋಗಗಳನ್ನು ಹೇಳುವ ಪ್ರಕರಣದಲ್ಲಿ, ಇದಕ್ಕೊಂದು ಸ್ಥಾನವಿದೆ. (ಕ್ಷುದ್ರವೆಂಬ ವಿಶೇಷಣವನ್ನು ಓದಿ ಬೋಳುತಲೆಯವರು ಮುನಿಯಬೇಕಾಗಿಲ್ಲ, ಅಲ್ಲಿ ಅದು ವಿಭಾಗದ ಹೆಸರು.) ವಾತದೊಡಗೂಡಿದ ಪಿತ್ತವು ರೋಮಕೂಪಗಳನ್ನು ಸೇರಿ ಕೂದಲನ್ನು ಉದುರಿಸುತ್ತದೆ; ಆಮೇಲೆ ರಕ್ತದೊಡಗೂಡಿದ ಕಫವು ಆ ಕೂಪಗಳ ಬಾಯನ್ನು ಮುಚ್ಚುವುದರಿಂದ ಮತ್ತೊಂದು ಕೂದಲು ಹುಟ್ಟುವುದಿಲ್ಲ, ಎಂಬುದು ಅಲ್ಲಿಯ ನಿರೂಪಣೆ. ಇಂದ್ರಲುಪ್ತ, ಖಾಲಿತ್ಯ ಎಂಬಿವನ್ನು ಸುಶ್ರುತನು ಪರ್ಯಾಯಪದಗಳಾಗಿ ಹೇಳಿದರೆ, ವಾಗ್ಭಟನು ಭೇದವನ್ನು ಮಾಡುತ್ತಾನೆ: ಒಂದರಲ್ಲಿ ಕೂದಲು ತಟಕ್ಕನೆ ಉದುರುವುದು, ಇನ್ನೊಂದರಲ್ಲಿ ಮೆಲ್ಲಮೆಲ್ಲನೆ. ಈ ಭೇದವು ಸಾಮಾನ್ಯವಾದುದಲ್ಲ. ಅದರ ಪ್ರಯೋಜನವನ್ನು ಮುಂದೆ ಕಾಣಬಹುದು.

ಕನ್ನಡದಲ್ಲಿ ಬೋಳು, ಬೋಡು, ಬೊಕ್ಕ ಎಂದು ಮೂರು ದೇಶ್ಯಪದಗಳು ಬಳಕೆಯಲ್ಲಿವೆ. ಗುಡ್ಡ ಬೋಳಾಗುತ್ತದೆ, ಮರ ಬೋಳಾಗುತ್ತದೆ, ತಲೆಯೂ ಬೋಳಾಗುತ್ತದೆ. ಆದರೆ ಲಿಂಗಭೇದದಿಂದ ಅರ್ಥದಲ್ಲಿ ಆಗುವ ವ್ಯತ್ಯಾಸವನ್ನು ನೋಡಿದರೆ ತಲೆ ತಗ್ಗುತ್ತದೆ. ಪುಲ್ಲಿಂಗದಲ್ಲಿ ಆ ಪದ ಬರಿಯ ಪರಿಹಾಸ. ಸ್ತ್ರೀಲಿಂಗದಲ್ಲಿ ಅದು ಬೀದಿಜಗಳದ ಬೈಗುಳ. ಗಂಡನನ್ನು ಕಳೆದುಕೊಂಡ ಹೆಣ್ಣಿನ ತಲೆಯನ್ನು ಬಲವಂತವಾಗಿ ಬೋಳಿಸಿ, ಬೋಳಿಸಿದವರೇ ಆ ಬೋಳನ್ನು ಬೈಗುಳವನ್ನಾಗಿ ಮಾಡಿದರು. ಗಂಡಸಿನ ತಲೆ ತಾನಾಗಿ ಬೋಳಾದರೆ ಅನುಭವದ ಲಕ್ಷಣವೆಂದು ಹೊಗಳುವವರೂ ಉಂಟು. ಚಿಕಿತ್ಸೆಯಿಂದ ಬೋಳುತಲೆ ಅಳಿದರೂ ಈ ಶಬ್ದಚರಿತ್ರೆ ಅಳಿಯುವುದಿಲ್ಲ. ಆದುದರಿಂದ ನನ್ನ ಶಿಷ್ಯನ ಮೊದಲನೆಯ ನಿರೀಕ್ಷೆ, ನಿಘಂಟಿನ ಮಟ್ಟಿಗೆ, ಸಫಲವಾಗತಕ್ಕದ್ದಲ್ಲ.

ಇನ್ನು ಎರಡನೆಯದು. ಮನುಷ್ಯನ ನೆತ್ತಿಯ ಮೇಲೆ ಸುಮಾರು 1 ಲಕ್ಷ ರೋಮಕೂಪಗಳಿವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಅದೇ ಕೂಪದಿಂದ ಮತ್ತೊಂದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ಗಂಡಸರಲ್ಲಿ ಸಾಧಾರಣವಾಗಿ ಕಾಣುವ ಬೋಳುತಲೆಯಲ್ಲಿ ಆಗುವುದೇನೆಂದರೆ, ಈ ಬೆಳವಣಿಗೆಯ ಅವಧಿ ಆವೃತ್ತಿಯಿಂದ ಆವೃತ್ತಿಗೆ ಕುಗ್ಗುತ್ತ ಬರುತ್ತದೆ; ಕೂಪವು ಚಿಕ್ಕದಾಗುತ್ತದೆ; ಕೂದಲು ನವುರಾಗಿ, ಬಣ್ಣಗೆಟ್ಟು, ಕೊನೆಗೆ ಶಿಶುವಿನ ಮೈಮೇಲಿನ ರೋಮದಷ್ಟಾಗಿ ಕಣ್ಣಿಗೆ ಬೀಳದಂತಾಗುತ್ತದೆ. ಅಂದರೆ ಬಾವಿ ಮುಚ್ಚಿಹೋಗಿಲ್ಲ, ಒರತೆ ಕ್ಷೀಣಿಸಿದೆ. ಚಿಕಿತ್ಸಕರ ಆಸೆಗೆಲ್ಲ ಆಧಾರವಾಗಿರುವುದು ಇದೊಂದೇ ಸಂಗತಿ.

ಒರತೆ ಕ್ಷೀಣಿಸುವುದೇಕೆ? ನಪುಂಸಕರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಗ್ರೀಕರ ವೈದ್ಯಗುರು ಹಿಪೊಕ್ರಟಿಸನ ಸೂತ್ರಗಳಲ್ಲಿಯೇ ಗುರುತಿಸಲಾಗಿದೆ. ಅದನ್ನು ಪ್ರಯೋಗಪೂರ್ವಕವಾಗಿ ಸ್ಥಾಪಿಸಿದವನು ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಪ್ರಾಯಕ್ಕೆ ಮುನ್ನವೇ ವೃಷಣಗಳನ್ನು ಕಳೆದುಕೊಂಡವರಿಗೆ ಬೋಳು ಬರುವುದಿಲ್ಲ. ಅಂಥವರಿಗೆ ಟೆಸ್ಟೊಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು ಕೊಟ್ಟರೆ, ವಂಶದಲ್ಲಿ ಬೋಳುತಲೆಯಿದ್ದವರಿಗೆ ಬರುತ್ತದೆ. ತರುವಾಯ, 1974ರಲ್ಲಿ, ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರ ಕೆಲವು ಕುಟುಂಬಗಳ ವೃತ್ತಾಂತವನ್ನು ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆಯೂ ಆಕೆಯ ಸಹೋದ್ಯೋಗಿಗಳೂ ಪ್ರಕಟಿಸಿದರು. ಟೆಸ್ಟೊಸ್ಟೆರೋನನ್ನು ಅದಕ್ಕಿಂತ ತೀಕ್ಷ್ಣವಾದ ಡೈಹೈಡ್ರೊಟೆಸ್ಟೊಸ್ಟೆರೋನಾಗಿ ಮಾರ್ಪಡಿಸುವ ಕಿಣ್ವವು ಆ ಕುಟುಂಬಗಳ ಕೆಲವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು. ಅಂಥವರ ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಗುಳಿಗೆಗೆ 1997ರಲ್ಲಿ ಬೋಳುತಲೆಗಾಗಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೂ ಮೊದಲು, 1988ರಲ್ಲಿ, ಮಿನಾಕ್ಸಿಡಿಲ್ ಎಂಬ ಲೇಪನ ಬಂದಿತ್ತು. ಇದು ಮೂಲತಃ ರಕ್ತದೊತ್ತಡದ ಔಷಧ. ಸೇವಿಸಿದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿದ್ದನ್ನು ಕಂಡು ತಲೆಗೆ ಹಚ್ಚಲು ಆರಂಭಿಸಿದರು. ಕೆಲವೊಮ್ಮೆ ಔಷಧದ ದೋಷವೇ ಗುಣವಾಗುವುದಕ್ಕೆ ಇದು ಉದಾಹರಣೆ. ಎರಡೂ ಬಳಸುವವರೆಗೆ ಮಾತ್ರ ಫಲ ಕೊಡತಕ್ಕವು. ಬಿಟ್ಟರೆ ಬಂದುದು ಹೋಗುತ್ತದೆ.

ಬಳಸುವವರೆಗೆ ಮಾತ್ರ ಎಂಬ ಈ ತೊಡಕೇ ಜೀನ್ ಚಿಕಿತ್ಸೆಯ ಆಸೆಗೆ ಕಾರಣ. ಮೂಲವನ್ನೇ ತಿದ್ದಿಬಿಟ್ಟರೆ ನಿತ್ಯವೂ ಹಚ್ಚುವ, ನುಂಗುವ ತೊಂದರೆಯಿಲ್ಲವಷ್ಟೆ.

ಇಲ್ಲಿ ನನ್ನ ಶಾಸ್ತ್ರದ ಒಂದು ದೃಷ್ಟಾಂತವನ್ನು ತರಲು ಅಪ್ಪಣೆ ಬೇಡುತ್ತೇನೆ. ಪ್ರತಿಯೊಂದು ಜೀವಕೋಶದಲ್ಲಿಯೂ ನಾಲ್ಕೇ ಅಕ್ಷರಗಳಿಂದ ಬರೆದ, ಸುಮಾರು 300 ಕೋಟಿ ಅಕ್ಷರಗಳ ಗ್ರಂಥವೊಂದಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ಅದರ ಪ್ರಕರಣಗಳೇ ವಂಶವಾಹಿಗಳು, ಅಂದರೆ ಜೀನುಗಳು. ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸಿದವರಿಗೆ ಎರಡು ಸಂಗತಿಗಳು ಚೆನ್ನಾಗಿ ತಿಳಿದಿವೆ. ಮೊದಲನೆಯದು ಲಿಪಿಕಾರನ ಕೈತಪ್ಪು: ಒಂದಕ್ಷರ ಬಿಟ್ಟುಹೋಗಿದೆ, ಅಥವಾ ಒಂದಕ್ಷರದ ಬದಲು ಇನ್ನೊಂದು ಬಿದ್ದಿದೆ, ಅರ್ಥ ಕೆಟ್ಟಿದೆ. ಇದು ಸ್ಖಾಲಿತ್ಯ; ತಿದ್ದುವುದು ಸಂಪಾದಕನ ಧರ್ಮ. ಎರಡನೆಯದು ಪಾಠಭೇದ: ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಇನ್ನೊಂದು, ಎರಡಕ್ಕೂ ಅರ್ಥವಿದೆ, ಎರಡೂ ಪರಂಪರೆಯಿಂದ ಬಂದಿವೆ. ಇದನ್ನು ತಪ್ಪೆಂದು ಅಳಿಸಿಹಾಕುವ ಸಂಪಾದಕನು ಗ್ರಂಥಕ್ಕೆ ಅಪಚಾರ ಮಾಡುತ್ತಾನೆ.

ಕುಡುಗೋಲು ಕಣದ ರಕ್ತಹೀನತೆ ಎಂಬ ರೋಗವಿದೆ. ಇಂಗ್ಲಿಷಿನಲ್ಲಿ ಸಿಕಲ್ ಸೆಲ್ ಎನ್ನುವರು. ಭಾರತದಲ್ಲಿ ಇದು ಮೊದಲು ಪತ್ತೆಯಾದುದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟಿನವರಲ್ಲಿ. ಚಾಮರಾಜನಗರದ ಕಡೆಯ ಸೋಲಿಗರಲ್ಲಿಯೂ ಇದೆ. 300 ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರದ ಪಲ್ಲಟದಿಂದ ರಕ್ತಕಣವು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಮಕ್ಕಳು ಮೂಳೆ ಮುರಿದಂಥ ನೋವಿನಿಂದ ನರಳುತ್ತಾರೆ. ಇದು ಅಪ್ಪಟ ಸ್ಖಾಲಿತ್ಯ.

ನಾನು ಯೋಚಿಸಿ ಕಂಡುಕೊಂಡುದು ಇಷ್ಟು: ಖಾಲಿತ್ಯವು ಸ್ಖಾಲಿತ್ಯವಲ್ಲ. 2017ರಲ್ಲಿ ಬ್ರಿಟನ್ನಿನ ಸುಮಾರು 52,000 ಗಂಡಸರ ಅನುವಂಶಿಕ ಗ್ರಂಥವನ್ನು ಹೋಲಿಸಿ ನೋಡಿದಾಗ, ಬೋಳುತಲೆಗೆ ಸಂಬಂಧಿಸಿದ 287 ಸ್ಥಾನಗಳು ಕಂಡುಬಂದವು. ಅವುಗಳಲ್ಲಿ 40 ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗನಿಗೆ ಇದು ತಾಯಿಯಿಂದ ಮಾತ್ರ ಬರತಕ್ಕದ್ದು. ತಾಯಿಯ ತಂದೆಯ ತಲೆಯನ್ನು ನೋಡಿ ಮೊಮ್ಮಗನ ತಲೆಯನ್ನು ಹೇಳಬೇಕೆಂಬ ಜನರ ಮಾತಿನಲ್ಲಿ ಅರ್ಧ ಸತ್ಯವಿರುವುದು ಇದರಿಂದಲೇ. ಮಿಕ್ಕವು ಇತರ ವರ್ಣತಂತುಗಳಲ್ಲಿ ಹರಡಿಕೊಂಡಿವೆ. ಒಂದೊಂದರ ಪ್ರಭಾವವೂ ಪ್ರಾಯಶಃ ಅಲ್ಪ, ಕೂಡಿದರೆ ಅಧಿಕ. 287 ಕಡೆ ಪಾಠಭೇದವಿರುವ ಗ್ರಂಥದಲ್ಲಿ ಯಾವುದನ್ನು ತಿದ್ದುವುದು? ತಿದ್ದಿದ್ದಾದರೆ ಆ ಗ್ರಂಥದಲ್ಲಿ ಮೂಲವೆನ್ನುವುದು ಯಾವುದು?

ಇನ್ನೊಂದು ವಿಸ್ಮಯವನ್ನು ಕೇಳಿ. ಬೋಳುತಲೆಯವರ ಹಿಂದಲೆಯಲ್ಲಿ, ಕಿವಿಯಿಂದ ಕಿವಿಯವರೆಗೆ, ಕೂದಲಿನ ಪಟ್ಟಿಯೊಂದು ಉಳಿದೇ ಇರುತ್ತದೆಯಷ್ಟೆ. ಆ ಕೂದಲಿನ ಬುಡದಲ್ಲಿಯೂ ನೆತ್ತಿಯ ಬರಡು ಕೂಪದಲ್ಲಿಯೂ ಇರುವ ವಂಶವಾಹಿಗಳು ಒಂದೇ. ಹಿಂದಲೆಯ ಕೂಪವನ್ನು ಕಿತ್ತು ನೆತ್ತಿಯಲ್ಲಿ ನೆಟ್ಟರೆ ಅದು ಅಲ್ಲಿಯೂ ತನ್ನ ಹಳೆಯ ಸ್ವಭಾವವನ್ನು ಬಿಡದೆ ಬೆಳೆಯುತ್ತದೆಂಬುದನ್ನು ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದನು. ಇಂದು ಊರೂರಿನಲ್ಲಿ ನಡೆಯುತ್ತಿರುವ ಕೂದಲು ನಾಟಿಗೆ ಅದೇ ಬುನಾದಿ. ಮೂಲಪಾಠ ಒಂದೇ ಇದ್ದು ವ್ಯಾಖ್ಯಾನ ಎರಡಾದಂತೆ ಇದು. ಆದುದರಿಂದ ಬೋಳುತಲೆಗೆ ಬೇಕಾದುದು ಅಕ್ಷರವನ್ನು ತಿದ್ದುವ ಚಿಕಿತ್ಸೆಯೋ, ಓದುವ ಕ್ರಮವನ್ನು ಬದಲಿಸುವ ಚಿಕಿತ್ಸೆಯೋ ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು.

ಪ್ರಯತ್ನಗಳು ನಡೆದೇ ಇಲ್ಲವೆನ್ನುವಂತಿಲ್ಲ. 1995ರಲ್ಲಿಯೇ ಇಲಿಗಳ ಚರ್ಮದ ಮೇಲೆ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಅಡಕ ಮಾಡಿದ ವಂಶವಾಹಿಯನ್ನು ಲೇಪಿಸಿ, ಅದು ರೋಮಕೂಪವನ್ನು ಹೊಕ್ಕು ಕೆಲಸ ಮಾಡಬಲ್ಲುದೆಂದು ತೋರಿಸಲಾಯಿತು. 1999ರಲ್ಲಿ, ಕೂಪವನ್ನು ಎಚ್ಚರಿಸುವ ವಂಶವಾಹಿಯೊಂದನ್ನು ವೈರಸ್ಸಿನ ಮೂಲಕ ಇಲಿಯ ಚರ್ಮಕ್ಕೆ ಸೇರಿಸಿದಾಗ ಕೂದಲಿನ ಬೆಳವಣಿಗೆ ಆರಂಭವಾಯಿತು. ಬಹಳ ಸುದ್ದಿಯಾದುದು 1998ರ ಪ್ರಯೋಗ. ಬೀಟಾ ಕೆಟೆನಿನ್ ಎಂಬ ಪ್ರೋಟೀನು ಅಳಿಯದೆ ಉಳಿಯುವಂತೆ ಅಮೆರಿಕದ ಎಲೇನ್ ಫುಕ್ಸ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ಚರ್ಮದಲ್ಲಿ ಏರ್ಪಾಟು ಮಾಡಿದರು. ಕೂದಲು ಬಂದಿತು, ಬರಿಯ ಹಳೆಯ ಕೂಪಗಳಲ್ಲಿ ಅಲ್ಲ, ಕೂಪವೇ ಇಲ್ಲದಿದ್ದ ಎಡೆಯಲ್ಲಿ ಹೊಸ ಕೂಪಗಳು ಮೂಡಿದವು. ಇಲಿಗಳು ಪೊದೆಗೂದಲಿನಿಂದ ತುಂಬಿದವು. ಆದರೆ ಪ್ರಾಯ ಸಂದ ಹಾಗೆ ಅವುಗಳ ಮೈಯಲ್ಲಿ ಕೂದಲಿನ ಗಂತಿಗಳು ಕಾಣಿಸಿಕೊಂಡವು. ಬೆಳೆ ಎನ್ನುವ ಆಜ್ಞೆಯಿತ್ತು, ಸಾಕು ಎನ್ನುವ ಆಜ್ಞೆಯಿರಲಿಲ್ಲ.

ಇತ್ತೀಚೆಗೆ ಕ್ರಿಸ್ಪರ್ ಎಂಬ ಸೂಕ್ಷ್ಮಾತಿಸೂಕ್ಷ್ಮವಾದ ಕತ್ತರಿ ಬಂದಿದೆ. ಅದರ ಮಾರ್ಗವನ್ನು 2012ರಲ್ಲಿ ಪ್ರಕಟಿಸಿದ ಜೆನಿಫರ್ ಡೌಡ್ನಾ, ಇಮಾನ್ಯುಯೆಲ್ ಶಾರ್ಪಾಂಟಿಯೆ ಎಂಬ ಇಬ್ಬರು ಮಹಿಳೆಯರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿದೆ. ಕೊರಿಯಾ ದೇಶದಲ್ಲಿ ಇದೇ ಕತ್ತರಿಯನ್ನು ಇಲಿಗಳ ಚರ್ಮದೊಳಗೆ ಕಳುಹಿಸಿ, ಮೇಲೆ ಹೇಳಿದ ಕಿಣ್ವದ ವಂಶವಾಹಿಯನ್ನು ಕತ್ತರಿಸಿದ ಪ್ರಯೋಗವೂ ನಡೆದಿದೆ. ಅಕ್ಷರವನ್ನು ಮುಟ್ಟದೆ, ಅದರಿಂದ ಹೊರಡುವ ಸಂದೇಶವನ್ನು ಮಾತ್ರ ಕೆಲಕಾಲ ತಡೆಹಿಡಿಯುವ ಆರ್‌ಎನ್‌ಎ ಔಷಧಗಳ ಪರೀಕ್ಷೆಯೂ ನಡೆದಿದೆ. ಈ ಎರಡನೆಯ ಮಾರ್ಗವೇ ನನಗೆ ಯುಕ್ತವಾಗಿ ಕಾಣುತ್ತದೆ. ಗರಿಯನ್ನು ಕೆರೆದು ಅಳಿಸುವುದಕ್ಕಿಂತ ಅಂಚಿನಲ್ಲಿ ಟಿಪ್ಪಣಿ ಬರೆಯುವುದು ಮೇಲು. ಟಿಪ್ಪಣಿ ತಪ್ಪಾದರೆ ಒರಸಬಹುದು.

ಇಲಿಯ ಮೈಯಲ್ಲಿ ಆದುದು ಮನುಷ್ಯನ ತಲೆಯಲ್ಲಿ ಆಗದಿರುವುದೇಕೆ? ಮೊದಲನೆಯದು ದಾರಿಯ ಕಷ್ಟ. ದಟ್ಟಗೂದಲಿನ ಬುಡ ಚರ್ಮದಲ್ಲಿ ಸುಮಾರು 4 ಮಿಲಿಮೀಟರ್ ಆಳದಲ್ಲಿದೆ. ಹೊರಗಿನದನ್ನು ಒಳಗೆ ಬಿಡದಿರುವುದೇ ಚರ್ಮದ ಧರ್ಮ, ಅದು ಕೋಟೆ. 2023ರಲ್ಲಿ ಅಮೆರಿಕದಲ್ಲಿ ಚರ್ಮಕ್ಕೆ ಹಚ್ಚುವ ಜೀನ್ ಔಷಧವೊಂದಕ್ಕೆ ಅನುಮತಿ ದೊರೆತಿದೆ. ಚಿಟ್ಟೆಯ ರೆಕ್ಕೆಯಂತೆ ಮುಟ್ಟಿದರೆ ಹರಿಯುವ ಚರ್ಮದೊಡನೆ ಹುಟ್ಟುವ ಮಕ್ಕಳ ಗಾಯಗಳಿಗೆ ಅದನ್ನು ಹಚ್ಚುತ್ತಾರೆ. ಅಲ್ಲಿ ಗಾಯದಿಂದಾಗಿ ಕೋಟೆಯ ಬಾಗಿಲು ತೆರೆದೇ ಇದೆ. ಆದರೂ ಮತ್ತೆ ಮತ್ತೆ ಹಚ್ಚಬೇಕು. ಬೋಳುತಲೆಯಾದರೋ ನುಣುಪಾಗಿ, ಬಿರುಕಿಲ್ಲದೆ ಮುಚ್ಚಿಕೊಂಡಿರುತ್ತದೆ. ಅದರಲ್ಲಿ ಲಕ್ಷ ಬಾವಿಗಳ ತಳವನ್ನು ಮುಟ್ಟಬೇಕು. ಕೆಲವನ್ನು ಮುಟ್ಟಿದರೆ ತಲೆ ಬೇಸಗೆಯ ಹೊಲದಂತೆ ಅಲ್ಲಲ್ಲಿ ಹಸುರಾದೀತು. ಔಷಧವು ನೆತ್ತಿಯಿಂದ ಜಾರಿ ದೇಹದ ಬೇರೆಡೆಗೂ ಹೋಗಬಾರದು. ಪುರುಷ ಹಾರ್ಮೋನು ಅಲ್ಲೆಲ್ಲ ಬೇಕಾದ ಕೆಲಸವನ್ನೇ ಮಾಡುತ್ತಿರುತ್ತದೆ.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮುಖ್ಯವಾದುದು, ಅಪಾಯದ ಲೆಕ್ಕ. ಜೀನ್ ಚಿಕಿತ್ಸೆಯ ಚರಿತ್ರೆ ಹೂವಿನ ಹಾಸಿಗೆಯಲ್ಲ. ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ 4 ವರ್ಷದ ಹುಡುಗಿ ಅಶಾಂತಿ ಡಿಸಿಲ್ವಾ ಎಂಬಾಕೆಗೆ 1990ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಈ ಚಿಕಿತ್ಸೆ ನಡೆಯಿತು. ಆಕೆ ಬದುಕಿದಳು. 1999ರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ತರುಣನು ಇಂಥದೇ ಒಂದು ಪ್ರಯೋಗದಲ್ಲಿ, ವೈರಸ್ಸಿಗೆ ದೇಹವು ತೋರಿದ ಉಗ್ರ ಪ್ರತಿಕ್ರಿಯೆಯಿಂದ ತೀರಿಕೊಂಡನು. ಮುಂದೆ ಫ್ರಾನ್ಸಿನಲ್ಲಿ ನಿರೋಧಶಕ್ತಿ ಬಂದು ಗುಣ ಹೊಂದಿದ ಮಕ್ಕಳಲ್ಲಿಯೇ ಕೆಲವರಿಗೆ ರಕ್ತದ ಕ್ಯಾನ್ಸರ್ ಕಾಣಿಸಿತು. ಸೇರಿಸಿದ ವಂಶವಾಹಿ ಸೇರಬಾರದ ಎಡೆಯಲ್ಲಿ ಸೇರಿತ್ತು. ಇಷ್ಟಾದರೂ ಆ ತಂದೆತಾಯಿಗಳನ್ನಾಗಲಿ ವೈದ್ಯರನ್ನಾಗಲಿ ನಾವು ದೂಷಿಸಲಾರೆವು. ಚಿಕಿತ್ಸೆಯಿಲ್ಲದಿದ್ದರೆ ಆ ಮಕ್ಕಳಿಗೆ ಮೃತ್ಯು ಎದುರಿಗೇ ನಿಂತಿತ್ತು. ತಲೆ ಬೋಳಾದವನ ಎದುರಿಗೆ ನಿಂತಿರುವುದು ಕನ್ನಡಿ ಮಾತ್ರ. ಆರೋಗ್ಯವಂತನಾದ 25 ವರ್ಷದ ಯುವಕನ ದೇಹದಲ್ಲಿ, ಮತ್ತೆ ಹಿಂದೆಗೆಯಲಾಗದ ತಿದ್ದುಪಾಟನ್ನು ಮಾಡಿ, 20 ವರ್ಷದ ಮೇಲೆ ಗಂತಿ ಕಾಣಿಸಿದರೆ ಉತ್ತರ ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ, ಶಾಶ್ವತವಾದ ಜೀನ್ ತಿದ್ದುಪಾಟನ್ನು ಸಾಧಾರಣ ಬೋಳುತಲೆಗೆ ಬಳಸುವುದು ಅನುಚಿತವೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಹಾಗೆಂದು, ಇದೆಲ್ಲ ಸಿರಿವಂತರ ಶೋಕಿ, ಈ ಸಂಶೋಧನೆಯನ್ನೇ ನಿಲ್ಲಿಸಬೇಕು ಎನ್ನುವ ಮಿತ್ರರ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣವನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಸಂಸ್ಕೃತದಲ್ಲಿ ಭರ್ತೃಹರಿಯ ಪ್ರಸಿದ್ಧವಾದ ಪದ್ಯವೊಂದಿದೆ. ಬಿಸಿಲಿಗೆ ತಲೆ ಕಾದ ಬೋಳುತಲೆಯವನೊಬ್ಬನು ನೆರಳನ್ನರಸಿ ಮರದ ಬುಡಕ್ಕೆ ಹೋಗುತ್ತಾನೆ. ಮೇಲಿನಿಂದ ದೊಡ್ಡ ಹಣ್ಣೊಂದು ಬಿದ್ದು ತಲೆಯೊಡೆಯುತ್ತದೆ. ದುರದೃಷ್ಟವಂತನು ಹೋದೆಡೆಯಲ್ಲೆಲ್ಲ ಆಪತ್ತು ಬೆನ್ನಟ್ಟುವುದೆಂಬುದು ಅದರ ತಾತ್ಪರ್ಯ. ಎಂಟು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಈ ಪದ್ಯವನ್ನು ಹೇಳಿ, ನನ್ನ ನೆತ್ತಿಯನ್ನೇ ಸವರಿಕೊಳ್ಳುತ್ತ, ಹಣ್ಣು ಬೀಳುವುದನ್ನು ಅಭಿನಯಿಸಿ ತೋರಿಸಿದೆನು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನನ್ನು ನೋಡಿ ನಗುತ್ತಿದ್ದಾರೆಂದು ನಾನು ಸಂತೋಷಪಟ್ಟೆನು. ಅವರು ನಗುತ್ತಿದ್ದುದು ಹಿಂದಿನ ಬೆಂಚಿನಲ್ಲಿ ಟೋಪಿ ಹಾಕಿಕೊಂಡು ಕುಳಿತಿದ್ದ ಹುಡುಗನೊಬ್ಬನನ್ನು ತಿರುತಿರುಗಿ ನೋಡಿ. ಪಾಠ ಮುಗಿದ ಮೇಲೆ ಆತನು ಪ್ರಸಾದನಿಲಯದ ಕೋಣೆಗೆ ಹೋಗಿ ಬಾಗಿಲಿಕ್ಕಿಕೊಂಡನಂತೆ. ವಾರದೊಳಗೆ ಊರಿಗೆ ಹೋದವನು ದಸರಾ ರಜೆ ಕಳೆದ ಮೇಲೆಯೇ ಬಂದನು. ನಿಲಯಪಾಲಕರು ಹೇಳಿದ ಮೇಲೆಯೇ ನನಗೆ ತಿಳಿದುದು: ಆತನ ತಲೆಗೂದಲು ಎರಡು ತಿಂಗಳಿನಿಂದ ರೂಪಾಯಿಯಗಲದ ಬಿಲ್ಲೆ ಬಿಲ್ಲೆಯಾಗಿ ಉದುರುತ್ತಿತ್ತು. ವಾಗ್ಭಟನು ಬೇರ್ಪಡಿಸಿ ಹೇಳಿದ, ತಟಕ್ಕನೆ ಉದುರುವ ಇಂದ್ರಲುಪ್ತ. ವಿದ್ವತ್ ಪರೀಕ್ಷೆಗೆ ಓದಿದ ಪದ್ಯವು ನನಗೆ ಕಂಠಸ್ಥವಾಗಿತ್ತು. ಎದುರಿಗೆ ಕುಳಿತಿದ್ದ ಹುಡುಗನು ಕಣ್ಣಿಗೆ ಬಿದ್ದಿರಲಿಲ್ಲ.

ಈ ಇಂದ್ರಲುಪ್ತದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಭ್ರಮೆಗೊಂಡು ತನ್ನ ರೋಮಕೂಪಗಳನ್ನು ಶತ್ರುವೆಂದು ಆಕ್ರಮಿಸುತ್ತದೆ. ನೂರರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವುದುಂಟು. ಹಲವರಲ್ಲಿ ತಾನಾಗಿ ವಾಸಿಯಾಗುತ್ತದೆ, ಕೆಲವರಲ್ಲಿ ಹುಬ್ಬು ರೆಪ್ಪೆಗಳೂ ಉಳಿಯುವುದಿಲ್ಲ. ನ್ಯೂಯಾರ್ಕಿನ ಏಂಜೆಲಾ ಕ್ರಿಸ್ಟಿಯಾನೊ ಎಂಬ ವಿಜ್ಞಾನಿಗೆ ಸ್ವತಃ ಈ ರೋಗವಿದ್ದಿತು. ಆಕೆ ಮೊದಲು 1998ರಲ್ಲಿ, ಹುಟ್ಟಿನಿಂದ ಕೂದಲಿಲ್ಲದ ಪಾಕಿಸ್ತಾನದ ಕುಟುಂಬವೊಂದನ್ನು ಪರೀಕ್ಷಿಸಿ, ಅದಕ್ಕೆ ಕಾರಣವಾದ ಒಂದೇ ವಂಶವಾಹಿಯ ದೋಷವನ್ನು ಕಂಡುಹಿಡಿದರು. ಅದು ನಿಜವಾದ ಸ್ಖಾಲಿತ್ಯ. ತರುವಾಯ 2010ರಲ್ಲಿ ಇಂದ್ರಲುಪ್ತದ ರೋಗಿಗಳ ವಂಶವಾಹಿಗಳನ್ನು ಹೋಲಿಸಿ, ರಕ್ಷಣಾವ್ಯವಸ್ಥೆಯ ಯಾವ ಅಂಗ ತಪ್ಪು ಮಾಡುತ್ತಿದೆಯೆಂಬುದನ್ನು ಆಕೆಯ ತಂಡ ಗುರುತಿಸಿತು. ಆ ಸುಳಿವನ್ನು ಹಿಡಿದು ನಡೆದ ಸಂಶೋಧನೆಯ ಫಲವಾಗಿ 2022ರಲ್ಲಿ ಬಾರಿಸಿಟಿನಿಬ್, 2023ರಲ್ಲಿ 12 ವರ್ಷ ದಾಟಿದ ಮಕ್ಕಳಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್ ಎಂಬ ಗುಳಿಗೆಗಳಿಗೆ ಅಮೆರಿಕದಲ್ಲಿ ಅನುಮತಿಯಾಯಿತು. ಅವುಗಳಿಗೂ ತಮ್ಮವೇ ಅಪಾಯಗಳಿವೆ, ವೈದ್ಯರ ಕಣ್ಗಾವಲು ಬೇಕು. ಆದರೂ ಇದು ವಂಶವಾಹಿಯನ್ನು ತಿದ್ದಿದ ಚಿಕಿತ್ಸೆಯಲ್ಲ, ಓದಿದ ಚಿಕಿತ್ಸೆ ಎಂಬುದನ್ನು ಗಮನಿಸಬೇಕು. ಕೂದಲಿನ ವಿಷಯದಲ್ಲಿ ಜೀನ್ ವಿಜ್ಞಾನದಿಂದ ಸದ್ಯಕ್ಕೆ ನಮಗೆ ದೊರೆಯುವ ಲಾಭವು ಈ ದಾರಿಯಿಂದಲೇ ಬರುವುದೆಂದು ನಾನು ಊಹಿಸುತ್ತೇನೆ. ಶೋಕಿಯೆಂದು ಹಳಿದು ನಿಲ್ಲಿಸಿದ್ದರೆ ಇಷ್ಟೂ ಬರುತ್ತಿರಲಿಲ್ಲ.

ಹಣದ ಮಾತನ್ನೂ ಆಡಬೇಕು, ಏಕೆಂದರೆ ಈ ಸಂಚಿಕೆಯನ್ನು ಓದುವವರಲ್ಲಿ ದಾನಿಗಳಿದ್ದಾರೆ. ಕುಡುಗೋಲು ಕಣದ ರೋಗಕ್ಕೆ ಕ್ರಿಸ್ಪರ್ ಚಿಕಿತ್ಸೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಒಪ್ಪಿತವಾಯಿತು. ಅದು ತಪ್ಪಿದ ಅಕ್ಷರವನ್ನೇ ತಿದ್ದುವುದಿಲ್ಲ. ಗರ್ಭದಲ್ಲಿದ್ದಾಗ ದೇಹವು ಮಾಡುತ್ತಿದ್ದ ಶಿಶುರಕ್ತವನ್ನು ಮತ್ತೆ ಮಾಡುವಂತೆ ಎಚ್ಚರಿಸುತ್ತದೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರು. ಅದಕ್ಕೆ ಮುನ್ನ ಮಜ್ಜೆಯನ್ನು ಬರಿದುಮಾಡಲು ಕೊಡುವ ತೀಕ್ಷ್ಣವಾದ ಔಷಧದಿಂದ ರೋಗಿಯ ತಲೆಗೂದಲು ಉದುರಿಹೋಗುವುದು ಸಾಮಾನ್ಯ. ಅದಕ್ಕಾಗಿ ಚಿಕಿತ್ಸೆ ಬೇಡವೆಂದವರ ಸುದ್ದಿಯನ್ನು ನಾನು ಕೇಳಿಲ್ಲ. ಬೆನ್ನುಹುರಿಯ ಸ್ನಾಯುಕ್ಷಯದ ಕೂಸುಗಳಿಗೆ ಕೊಡುವ ಜೀನ್ ಔಷಧಕ್ಕೆ 16 ಕೋಟಿ ರೂಪಾಯಿ ಬೇಕೆಂದು ತಂದೆತಾಯಿಗಳು ಊರೆಲ್ಲ ಚಂದಾ ಎತ್ತಿದುದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ದೇಶದಲ್ಲಿಯೂ ಕೆಲಸ ಆರಂಭವಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸಹಯೋಗದೊಡನೆ, ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ರೋಗದ ಐವರಿಗೆ ಜೀನ್ ಚಿಕಿತ್ಸೆ ಮಾಡಿದ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮುಂಬಯಿಯ ಐಐಟಿಯೂ ಟಾಟಾ ಸ್ಮಾರಕ ಆಸ್ಪತ್ರೆಯೂ ರೂಪಿಸಿದ ಕ್ಯಾನ್ಸರ್ ಜೀನ್ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತಿದೆ. ಸರದಿ ಎಂಬುದೊಂದಿದೆ. ದಾಸೋಹದ ಪಂಕ್ತಿಯಲ್ಲಿ ಹಸಿದ ಮಕ್ಕಳಿಗೆ ಮೊದಲು ಬಡಿಸಿ, ಆಮೇಲೆ ನಮ್ಮಂಥವರಿಗೆ ಬಡಿಸುವುದು ಶ್ರೀಮಠದಲ್ಲಿ ನಾವು ಕಂಡ ಕ್ರಮ. ಬೋಳುತಲೆಯ ಸರದಿ ಬಂದಾಗ ಬರಲಿ.

ಅಷ್ಟರೊಳಗೆ ಮೋಸಹೋಗದಿರುವುದು ಮುಖ್ಯ. ಜೀನ್ ಎಣ್ಣೆ, ಡಿಎನ್‌ಎ ಸೀರಮ್, ಕಾಂಡಕೋಶದ ಚುಚ್ಚುಮದ್ದು ಮೊದಲಾದ ಹೆಸರುಗಳಲ್ಲಿ ಪೇಟೆಯ ಫಲಕಗಳು ಕರೆಯುತ್ತಿವೆ. ಬೋಳುತಲೆಗೆ ಅಂಗೀಕೃತವಾದ ಜೀನ್ ಚಿಕಿತ್ಸೆ ಇಂದು ಯಾವ ದೇಶದಲ್ಲಿಯೂ ಇಲ್ಲ. ನಮ್ಮ ದೇಶದ 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುವೆನೆಂದು ಹೇಳಿಕೊಳ್ಳಕೂಡದ ರೋಗಗಳ ಪಟ್ಟಿಯಿದ್ದು, ಅದರಲ್ಲಿ ಕ್ಯಾನ್ಸರಿನ ಜತೆಯಲ್ಲಿಯೇ ಬೋಳುತಲೆಯೂ ಸೇರಿದೆ. ಮದುವೆಗೆ ಮುಂಚೆ ಕೂದಲು ಬಂದರಾಯಿತೆಂದು ಸಾಲ ಮಾಡಿ ಇಂಥ ಬಾಗಿಲುಗಳಿಗೆ ಹೋಗುವ ತರುಣರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇದ್ದಾರೆ. ಹೆಣ್ಣು ಕೊಡುವವರು ತಲೆ ನೋಡುತ್ತಾರೆಂದು ಅವರು ಹೇಳುವುದು ಸುಳ್ಳಲ್ಲ. ಮಾವನಾಗುವವನ ತಲೆ ನೋಡುವವರು ಯಾರೂ ಇಲ್ಲ, ಅದು ಬೇರೆ ಮಾತು.

ಶಾಲೆಯ ವ್ಯವಸ್ಥಾಪಕರಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ವರ್ಷಕ್ಕೊಮ್ಮೆ ಪ್ರಸಾದನಿಲಯಕ್ಕೆ ಬಂದು ಮಕ್ಕಳ ರಕ್ತವನ್ನೂ ಚರ್ಮವನ್ನೂ ಪರೀಕ್ಷಿಸುವ ಏರ್ಪಾಟಾಗಲಿ. ತಲೆಯಲ್ಲಿ ಬಿಲ್ಲೆಯೆದ್ದ ಮಗುವನ್ನು ದೊಡ್ಡ ಊರಿನ ಚರ್ಮವೈದ್ಯರ ಬಳಿಗೆ ಕಳುಹಿಸಲು ಬಸ್ಸಿನ ಖರ್ಚಿಗೂ ಔಷಧಕ್ಕೂ ಸಣ್ಣದೊಂದು ನಿಧಿಯಿರಲಿ. ನನ್ನ ಹುಡುಗನಿಗೆ ಆಗ ಅಂಥದೇನೂ ಇರಲಿಲ್ಲ. ಆತನ ತಂದೆ ಬಿತ್ತನೆಯ ಕಾಲದಲ್ಲಿ ಹೊಲ ಬಿಟ್ಟು ನಾಲ್ಕು ಸಲ ಅಲೆದರು.

ಆತನು ಈಗ ತನ್ನ ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ಹೋದ ಜಾತ್ರೆಯಲ್ಲಿ ಸಿಕ್ಕಿದ್ದನು. ತಲೆಯಲ್ಲಿ ಕೆಲವೆಡೆ ಕೂದಲು ಬಂದಿತ್ತು, ಕೆಲವೆಡೆ ಇರಲಿಲ್ಲ, ಟೋಪಿ ಇರಲಿಲ್ಲ. ಅಂದಿನ ಪಾಠದ ವಿಷಯವನ್ನು ಎತ್ತಿ ತಪ್ಪೊಪ್ಪಿಕೊಳ್ಳಬೇಕೆಂದು ನಾನು ಮಾತಿಗೆ ತಡಕಾಡುತ್ತಿರಲು, ಆತನೇ ಕೇಳಿದನು: “ಗುರುಗಳೇ, ಆ ಪದ್ಯದಲ್ಲಿ ಬಿಲ್ವದ ಹಣ್ಣು ಬಿತ್ತೆಂದು ನೀವು ಹೇಳಿದ್ದಿರಿ. ಮೊನ್ನೆ ಒಂದು ಪುಸ್ತಕದಲ್ಲಿ ತಾಳೆಯ ಹಣ್ಣೆಂದಿತ್ತು. ಯಾವುದು ಸರಿ?” ಎರಡು ಪಾಠಗಳೂ ಇವೆಯೆಂದು ಹೇಳಿದೆನು.